‘ಮನ್ಯಾಗ ಕೇಳಿ ಹೇಳ್ತೀನ್ರಿ’ ಅಂದರೆ ಯಾರನ್ನು ಕೇಳಿ?

ಪ್ರಶ್ನೆ: ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ ಆರೋಗ್ಯ ಶಿಕ್ಷಣದ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಹೆಣ್ಣುಮಕ್ಕಳ ಎಚ್‌ಪಿವಿ ಲಸಿಕೆ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸಿನ ವಿರುದ್ಧದ್ದು) ಮತ್ತು ಲೈಂಗಿಕ ಸೋಂಕುಗಳ ಉಚಿತ ತಪಾಸಣೆ, ಎರಡರ ಮಾಹಿತಿಯನ್ನೂ ಒಂದೇ ಕರಪತ್ರದಲ್ಲಿ ಹಾಕಿ 5,000 ಪ್ರತಿ ಅಚ್ಚು ಮಾಡಿಸಿದೆವು. ಅರ್ಧ ಹಂಚಿದ್ದೇವೆ. ಶಾಲೆಯ ಮೂಲಕ ಕಳಿಸಿದ ಒಪ್ಪಿಗೆ ಪತ್ರಗಳಲ್ಲಿ ಅರ್ಧದಷ್ಟೂ ವಾಪಸ್ ಬರಲಿಲ್ಲ. ತಪಾಸಣೆಗೆ ಬಂದವರು ಬೆರಳೆಣಿಕೆಯಷ್ಟು. ಕೇಳಿದರೆ ತಾಯಂದಿರೆಲ್ಲ ‘ಮನ್ಯಾಗ ಕೇಳಿ ಹೇಳ್ತೀನ್ರಿ’ ಅನ್ನುತ್ತಾರೆ. ಮುಂದಿನ ಸುತ್ತಿಗೆ ಮೊದಲು ಜನರ ಮನಸ್ಸು ತಿಳಿಯಬೇಕು. ನಾಲ್ಕು ಜನ ಇದ್ದೇವೆ, ಆರು ವಾರ ಸಮಯವಿದೆ. ಸಾವಿರ ಮನೆಗಳ ಸಮೀಕ್ಷೆ ಮಾಡಬೇಕೇ?

ಉತ್ತರ: ಸಾವಿರ ಮನೆ ಬೇಡ. ಈಗ ನಿಮಗೆ ಬೇಕಿರುವುದು ಎಣಿಕೆಯಲ್ಲ, ಕಾರಣ. ಅದು ಸುಮಾರು ಐವತ್ತು ಸಲ ಜನರ ಜೊತೆ ಸರಿಯಾಗಿ ಕೂತು ಮಾತಾಡಿದರೆ ಸಿಗುತ್ತದೆ. ಆದರೆ ಅದಕ್ಕೂ ಮೊದಲು, ಯಾರನ್ನೂ ಕೇಳದೆಯೇ ಸರಿಪಡಿಸಬೇಕಾದ ತಪ್ಪೊಂದು ನಿಮ್ಮ ಪ್ರಶ್ನೆಯಲ್ಲೇ ಇದೆ.

ಹತ್ತು ವರ್ಷದ ಮಗಳಿಗೆ ಹಾಕಿಸುವ ಲಸಿಕೆಯನ್ನೂ ದೊಡ್ಡವರ ‘ಗುಪ್ತ ರೋಗ’ದ ತಪಾಸಣೆಯನ್ನೂ ಒಂದೇ ಹಾಳೆಯಲ್ಲಿ ಹಾಕಿದ್ದೀರಿ. ಅದನ್ನು ಓದಿದ ತಂದೆಗೆ ಏಳುವ ಮೊದಲ ಪ್ರಶ್ನೆ: ‘ನನ್ನ ಮಗಳಿಗಿ ಇದ್ಯಾಕ?’ ಎರಡೂ ಸೋಂಕಿನ ವಿಷಯವೇ ಆದರೂ ಕೇಳುಗರು ಬೇರೆ, ನಿರ್ಧಾರ ಮಾಡುವವರು ಬೇರೆ, ಅಡ್ಡಿಗಳೂ ಬೇರೆ. ಲಸಿಕೆಯ ವಿಷಯದಲ್ಲಿ ಮನೆಯ ಹಿರಿಯರು ಮಗುವಿನ ಪರವಾಗಿ ತೀರ್ಮಾನಿಸುತ್ತಾರೆ. ತಪಾಸಣೆಯ ವಿಷಯದಲ್ಲಿ ಒಬ್ಬ ವಯಸ್ಕ, ಯಾರಿಗೂ ಹೇಳದೆ, ತನಗಾಗಿ ತೀರ್ಮಾನಿಸುತ್ತಾನೆ ಅಥವಾ ತೀರ್ಮಾನಿಸುತ್ತಾಳೆ. ಹಾಗಾಗಿ ಇಂದಿನಿಂದಲೇ ಇವನ್ನು ಎರಡು ಅಭಿಯಾನ ಮಾಡಿ. ಅಧ್ಯಯನವೂ ಎರಡು.

ಹಾಗೆಂದು ಲಸಿಕೆಯ ಕಡೆಯಲ್ಲಿ ಸೋಂಕು ಹರಡುವ ಬಗೆಯನ್ನು ಮುಚ್ಚಿಡಬೇಡಿ. ಹಾಳೆಯ ಮುಖಪುಟ ಕ್ಯಾನ್ಸರ್ ತಡೆಯುವ ಮಾತಾಡಲಿ; ಯಾರಾದರೂ ‘ಈ ವೈರಸ್ ಹೆಂಗ ಬರ್ತದ?’ ಎಂದು ಕೇಳಿದರೆ ನೇರ ಉತ್ತರ ಸಿದ್ಧವಿರಲಿ: ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಮದುವೆಯಾದ ಹೆಚ್ಚಿನ ಗಂಡು-ಹೆಣ್ಣುಗಳಿಗೆ ಯಾವಾಗಲಾದರೂ ಒಮ್ಮೆ ತಗಲುತ್ತದೆ, ಬಹುತೇಕರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ, ಹೋಗದೆ ಉಳಿದವರಲ್ಲಿ ಕೆಲವರಿಗೆ 15–20 ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತದೆ. ಲಸಿಕೆ ವೈರಸ್ ಒಳಗೆ ಬರುವ ಮೊದಲು ಹಾಕಿದರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ, ಬಂದ ವೈರಸ್ಸನ್ನು ತೆಗೆಯುವುದಿಲ್ಲ. 9ರಿಂದ 14 ವರ್ಷ ಎಂಬ ವಯಸ್ಸು ಬಂದದ್ದು ಅದಕ್ಕೇ. ಈ ಉತ್ತರವನ್ನು ನಿಮ್ಮವರು ತಡವರಿಸಿದರೆ, ಜನ ಆ ತಡವರಿಕೆಯನ್ನೇ ನೆನಪಿಟ್ಟುಕೊಳ್ಳುತ್ತಾರೆ.

ಮೊದಲ ವಾರ: ಕಾಗದ ನೋಡಿ, ತೀರ್ಮಾನ ಬರೆಯಿರಿ

ಹಳ್ಳಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ನೀವು ಬದಲಾಯಿಸಬಲ್ಲ ಸಂಗತಿಗಳನ್ನು ಬರೆಯಿರಿ: ಮಾತಾಡುವವರು ಯಾರು, ಯಾವ ಪದ, ಯಾವ ಜಾಗ, ಯಾವ ದಿನ, ಯಾವ ಭಯಕ್ಕೆ ಉತ್ತರ. ಪ್ರತಿಯೊಂದರ ಮುಂದೆ ‘ಉತ್ತರ ಹೀಗೆ ಬಂದರೆ ಇದನ್ನು ಮಾಡುತ್ತೇವೆ, ಹಾಗೆ ಬಂದರೆ ಅದನ್ನು’ ಎಂದು ಸೇರಿಸಿ. ಏನೇ ಉತ್ತರ ಬಂದರೂ ನಿಮ್ಮ ಕೆಲಸ ಬದಲಾಗದಂಥ ಪ್ರಶ್ನೆಯನ್ನು ಹೊಡೆದುಹಾಕಿ. ‘ಎಚ್‌ಪಿವಿ ಬಗ್ಗೆ ಕೇಳಿದ್ದೀರಾ?’ ಅಂಥದೊಂದು. ಹೌದು ಎಂದರೂ ಇಲ್ಲ ಎಂದರೂ ನೀವು ಹೇಗಿದ್ದರೂ ಹೇಳುವವರೇ.

ಆಮೇಲೆ ಹಳೆಯ ದಾಖಲೆ. ಶಾಲೆಯಲ್ಲಿ 10 ವರ್ಷದ ಮಕ್ಕಳಿಗೆ ಹಾಕುವ ಟಿಡಿ (ಧನುರ್ವಾಯು-ಗಂಟಲಮಾರಿ) ಚುಚ್ಚುಮದ್ದಿನ ಪಟ್ಟಿ, ಹಾಜರಿ ಪುಸ್ತಕ, ಆಶಾ ಕಾರ್ಯಕರ್ತೆಯರ ಬಾಕಿ ಪಟ್ಟಿ, ಕಸ್ತೂರಬಾ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ದಾಖಲಾತಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಮತ್ತು ತಾಲ್ಲೂಕಿನ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿಯನ್ನು ಮೊದಲೇ ಕಂಡರೆ ಇವು ಸಿಗುತ್ತವೆ. ಈ ಪಟ್ಟಿಗಳಲ್ಲಿ ಹುಡುಕಬೇಕಾದದ್ದು ಒಂದೇ: ಸೂಜಿ ತಪ್ಪಿದ ಹುಡುಗಿಯರಲ್ಲಿ ‘ಬೇಡ’ ಎಂದವರೆಷ್ಟು, ಅಂದು ಊರಲ್ಲೇ ಇರದಿದ್ದವರೆಷ್ಟು. ತೊಗರಿ ರಾಶಿ ಮುಗಿಯುತ್ತಿದ್ದಂತೆ ಹೈದರಾಬಾದ್, ಪುಣೆ, ಬೆಂಗಳೂರಿಗೆ ಗುಳೆ ಹೋಗುವ ಮನೆಗಳಿರುವ ತಾಲ್ಲೂಕು ನಿಮ್ಮದು. ಊರಲ್ಲಿ ಇಲ್ಲದವರಿಗೆ ಎಷ್ಟು ತಿಳಿವಳಿಕೆ ಕೊಟ್ಟರೂ ದಿನಾಂಕ ಬದಲಾಯಿಸದೆ ಉಪಯೋಗವಿಲ್ಲ.

ಯಾರ ಜೊತೆ, ಎಷ್ಟು ಜನರ ಜೊತೆ

ಜಾತಿವಾರು ಪಟ್ಟಿ ಮಾಡಿ ಹೊರಡಬೇಡಿ. ಮನೆಯ ಮಾತು, ಮಾಹಿತಿ ಬರುವ ದಾರಿ, ಚಿಕಿತ್ಸೆಗೆ ಹೋಗುವ ಊರು, ಈ ಮೂರು ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಗುಂಪು ಬೇರೆ ಮಾಡಿ. ಚಿಂಚೋಳಿಯಲ್ಲಿ ನಾಲ್ಕು ಗುಂಪು ಸಾಕು: ಕನ್ನಡದ ಹಳ್ಳಿ, ಲಂಬಾಣಿ ತಾಂಡಾ, ಪಟ್ಟಣದ ಉರ್ದು-ದಖ್ಖನಿ ಮಾತಿನ ಓಣಿ, ತಾಂಡೂರು-ಜಹೀರಾಬಾದ್ ಕಡೆಗೇ ದವಾಖಾನೆಗೆ ಹೋಗುವ ತೆಲುಗು ಗಡಿಯ ಊರು. ಇದೇ ಕೆಲಸ ಆಳಂದ ಅಥವಾ ಔರಾದ್‌ನಲ್ಲಾದರೆ ತೆಲುಗಿನ ಜಾಗಕ್ಕೆ ಮರಾಠಿ ಬರುತ್ತದೆ.

ಪ್ರತಿ ಗುಂಪಿನಲ್ಲಿ ತಾಯಂದಿರದೊಂದು, ಗಂಡಸರದೊಂದು ಚರ್ಚೆ, ಅಂದರೆ ಒಟ್ಟು 8. ಒಂದೊಂದರಲ್ಲಿ 6ರಿಂದ 8 ಜನ, ಒಂದು ಗಂಟೆಯಿಂದ ಒಂದೂಕಾಲು ಗಂಟೆ. ಇದರ ಮೇಲೆ ಪ್ರತಿ ಗುಂಪಿನಲ್ಲಿ ಆರು ಜನರ ಜೊತೆ ಒಬ್ಬೊಬ್ಬರಾಗಿ ಮಾತುಕತೆ: ಒಬ್ಬ ಆಯಿ (ಅಜ್ಜಿ), ಮಗಳಿಗೆ ಹಾಕಿಸಿದ ಒಬ್ಬ ತಾಯಿ, ಹಾಕಿಸದ ಒಬ್ಬ ತಾಯಿ, ಒಬ್ಬ ಶಿಕ್ಷಕಿ, ಒಬ್ಬ ಆಶಾ, ಊರಿನವರು ಜ್ವರ ಬಂದರೆ ಮೊದಲು ಓಡುವ ಆ ‘ಡಾಕ್ಟರ್’. ಅವರ ಹತ್ತಿರ ಪದವಿ ಇರಲಿ ಬಿಡಲಿ, ಜನ ಕೇಳುವುದು ಅವರನ್ನು. ಅವರು ಮುಖ ಸಿಂಡರಿಸಿದರೆ ನಿಮ್ಮ ಅಭಿಯಾನ ಆ ಊರಲ್ಲಿ ಮುಗಿಯಿತು. ಕೊನೆಯ ಮೂರು ಮಾತುಕತೆಗಳಲ್ಲಿ ಹೊಸದೇನೂ ಬರದಿದ್ದರೆ ನಿಲ್ಲಿಸಿ. ಬರುತ್ತಲೇ ಇದ್ದರೆ ಇನ್ನೆರಡು ಮಾಡಿ.

ಕೂಡಿಸುವಾಗ ಆಗುವ ತಪ್ಪುಗಳು ಒಂದೇ ತೆರ. ಅತ್ತೆ-ಸೊಸೆಯನ್ನು ಒಂದೇ ಗುಂಪಿನಲ್ಲಿ ಕೂಡಿಸಿದರೆ ಸೊಸೆ ಬಾಯಿ ಬಿಡುವುದಿಲ್ಲ. ಅಂಗನವಾಡಿಯಲ್ಲಿ, ಅಲ್ಲಿನ ಕಾರ್ಯಕರ್ತೆಯ ಎದುರಲ್ಲೇ ನಡೆಸಿದರೆ ಅಂಗನವಾಡಿಯ ಬಗ್ಗೆ ಒಳ್ಳೆಯ ಮಾತಷ್ಟೇ ಬರುತ್ತದೆ. ಜನರನ್ನು ಆರಿಸುವ ಕೆಲಸವನ್ನು ಆಶಾಗೆ ವಹಿಸಿದರೆ ಆಕೆಯ ಮಾತು ಕೇಳುವವರೇ ಬರುತ್ತಾರೆ, ನಿಮಗೆ ಬೇಕಾದವರು ಮನೆಯಲ್ಲೇ ಉಳಿಯುತ್ತಾರೆ. ಪಂಚಾಯಿತಿ ಸದಸ್ಯರು ‘ನಾನೂ ಕೂಡ್ತೀನಿ’ ಎಂದರೆ ಚಹಾ ಕೊಟ್ಟು, ಬೇರೆ ಜಾಗದಲ್ಲಿ ಅವರ ಜೊತೆಯೇ ಅರ್ಧ ಗಂಟೆ ಮಾತಾಡಿ. ಸಮಯದ ವಿಷಯ: ಡಿಸೆಂಬರ್-ಜನವರಿಯ ತೊಗರಿ ರಾಶಿ, ಎಳ್ಳ ಅಮಾವಾಸ್ಯೆ, ರಂಜಾನ್ ತಿಂಗಳ ಸಂಜೆಗಳನ್ನು ಬಿಡಿ. ಎಳ್ಳ ಅಮಾವಾಸ್ಯೆಯ ದಿನ ಭಜ್ಜಿ-ರೊಟ್ಟಿ ಕಟ್ಟಿಕೊಂಡು ಇಡೀ ಊರೇ ಹೊಲದಲ್ಲಿರುತ್ತದೆ.

ನಾಲ್ಕು ಜನ ಇದ್ದೀರಲ್ಲ, ಎರಡು ಜೋಡಿಯಾಗಿ. ಒಬ್ಬರು ಕೇಳಲಿ, ಒಬ್ಬರು ಬರೆಯಲಿ. ಬರೆದದ್ದನ್ನು ಅದೇ ಸಂಜೆ ಬಿಡಿಸಿ ಬರೆಯಬೇಕು. ಒಂದು ಗಂಟೆಯ ಮಾತಿಗೆ ಮೂರು ಗಂಟೆ ಹಿಡಿಯುತ್ತದೆ, ಅದನ್ನು ಲೆಕ್ಕದಲ್ಲಿಡಿ. ಜನ ಆಡಿದ ಮಾತನ್ನು ಅವರ ಬಾಯಲ್ಲಿದ್ದಂತೆಯೇ ಬರೆಯಿರಿ. ‘ಮುಂದ ಮಕ್ಕಳಾಗಲ್ಲ ಅಂತಾರ್ರಿ’ ಎಂಬುದನ್ನು ‘ಬಂಜೆತನದ ತಪ್ಪು ಕಲ್ಪನೆ’ ಎಂದು ಬರೆದಿಟ್ಟರೆ, ‘ಅಂತಾರ’ ಅಂದರೆ ಯಾರು ಎಂಬ ಸುಳಿವೇ ಕಳೆದುಹೋಗುತ್ತದೆ.

ಕೇಳುವ ಬಗೆ

ಗುರುತಿನ ಚೀಟಿ ಕೊರಳಲ್ಲಿ ಹಾಕಿಕೊಂಡು ‘ಮಗಳಿಗೆ ಲಸಿಕೆ ಹಾಕಿಸ್ತೀರಾ?’ ಎಂದರೆ ‘ಹಾಕಸ್ತೀವ್ರಿ’ ಎಂಬ ಉತ್ತರ ಗ್ಯಾರಂಟಿ. ಅದು ನಿಮಗೆ ಕೊಟ್ಟ ಮರ್ಯಾದೆಯಷ್ಟೇ. ಮುಂದೆ ಏನು ಮಾಡುತ್ತೀರಿ ಎಂದು ಕೇಳದೆ ಹಿಂದೆ ಏನಾಯಿತು ಎಂದು ಕೇಳಿ. ‘ಹೋದ ಸಲ ಸಾಲ್ಯಾಗ ಸೂಜಿ ಮಾಡಿದಾಗ ಮಗಳು ಮನಿಗಿ ಬಂದು ಏನಂದಳು? ನೀವು ಯಾರಿಗಿ ಕೇಳಿದ್ರಿ? ಅವರೇನಂದ್ರು?’ 2017ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿದಾಗ ವಾಟ್ಸ್‌ಆ್ಯಪ್ ವದಂತಿಗಳು ಹರಿದಾಡಿದ್ದವು. ಅದನ್ನು ನೆನಪಿಟ್ಟುಕೊಂಡ ತಾಯಂದಿರು ಸಿಕ್ಕರೆ ಆ ದಿನವನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿಸಿ. ‘ಮನ್ಯಾಗ ಕೇಳಿ ಹೇಳ್ತೀನಿ’ ಎಂಬ ಮಾತಿನ ಒಳಗಿರುವವರು ಅಲ್ಲಿ ಸಿಗುತ್ತಾರೆ: ಒಂದು ಕಡೆ ಪುಣೆಯಲ್ಲಿರುವ ಗಂಡ, ಇನ್ನೊಂದು ಕಡೆ ಅತ್ತೆ, ಮತ್ತೊಂದು ಕಡೆ ನರ್ಸಿಂಗ್ ಓದಿದ ತಂಗಿ.

ನೇರವಾಗಿ ಹೇಳಲು ಹಿಂಜರಿಯುವವರಿಗೆ ಬೇರೆಯವರ ಹೆಸರಲ್ಲಿ ದಾರಿ ಮಾಡಿಕೊಡಿ: ‘ಬ್ಯಾಡ ಅನ್ನೋರು ಏನಂತ ಹೇಳಿ ಬ್ಯಾಡ ಅಂತಾರ?’ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆ ತೆಗೆದುಕೊಳ್ಳುವ-ಬಿಡುವ ಕಾರಣಗಳನ್ನು ನಾಲ್ಕು ಕಡೆಯಿಂದ ನೋಡುತ್ತದೆ: ಜನರ ವಿಚಾರ ಮತ್ತು ಭಾವನೆ, ಸುತ್ತಲಿನವರ ಪ್ರಭಾವ, ಸ್ವಂತ ಇಚ್ಛೆ, ಪ್ರಾಯೋಗಿಕ ಅಡ್ಡಿ. ನಿಮ್ಮ ಪ್ರಶ್ನೆಪಟ್ಟಿ ಈ ನಾಲ್ಕನ್ನೂ ಮುಟ್ಟುತ್ತದೆಯೇ ನೋಡಿಕೊಳ್ಳಿ. ಎಲ್ಲರೂ ಮೊದಲನೆಯದರಲ್ಲೇ ಮುಳುಗುತ್ತಾರೆ; ಮರಳದ ಒಪ್ಪಿಗೆ ಪತ್ರದ ಗುಟ್ಟು ಸಾಮಾನ್ಯವಾಗಿ ಕೊನೆಯದರಲ್ಲಿರುತ್ತದೆ. ಪತ್ರ ಶುಕ್ರವಾರ ಕೊಟ್ಟು ಶನಿವಾರ ಬೆಳಿಗ್ಗೆ ಕೇಳಿದರೆ, ದುಡಿಯಲು ಹೋದ ಗಂಡನಿಗೆ ಫೋನ್ ಮಾಡಿ ಕೇಳುವಷ್ಟು ಸಮಯವೂ ತಾಯಿಗೆ ಸಿಗುವುದಿಲ್ಲ. ನಡುವೆ ಒಂದು ಭಾನುವಾರ ಬರುವಂತೆ ವಾರ-ಹತ್ತು ದಿನ ಮೊದಲು ಕೊಡಿ. ‘ಮುಂದಾಗುವ ಎಲ್ಲ ಪರಿಣಾಮಗಳಿಗೆ ನಾವೇ ಹೊಣೆ’ ಎಂಬಂಥ ಸಾಲು ಅದರಲ್ಲಿದ್ದರೆ, ಓದಲು ಬಾರದ ತಾಯಿಗೆ ಪಕ್ಕದ ಮನೆಯ ಹುಡುಗ ಗಟ್ಟಿಯಾಗಿ ಓದಿ ಹೇಳುವುದು ಆ ಸಾಲನ್ನೇ. ನಿಮ್ಮ ಪತ್ರವನ್ನು ಹೊರತೆಗೆದು ಈಗಲೇ ನೋಡಿ.

ಪದಗಳ ವಿಷಯ, ಮತ್ತು ಗರ್ಭಚೀಲದ ಹಳೆಯ ಗಾಯ

ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ‘ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ’ ಎಂದು ಅಚ್ಚು ಮಾಡಿದರೆ ಕೇಳುಗರ ಕಿವಿಗೆ ಬೀಳುವುದು ‘ಗರ್ಭ’ ಮತ್ತು ‘ಲಸಿಕೆ’. ಕಂಠ ಅಂದರೆ ಗಂಟಲು. ಮಗಳ ಗರ್ಭಕ್ಕೆ ಸೂಜಿ ಎಂದಾಗ ‘ಮಕ್ಕಳಾಗಲ್ಲ’ ಎಂಬ ವದಂತಿಗೆ ಅರ್ಧ ದಾರಿಯನ್ನು ನೀವೇ ಮಾಡಿಕೊಟ್ಟಂತೆ. ‘ಗರ್ಭಚೀಲದ ಬಾಯಿ’ ಎಂದರೆ ಹೆಂಗಸರಿಗೆ ತಿಳಿಯುತ್ತದೆ, ಆದರೆ ಭಯ ಕಡಿಮೆಯಾಗುತ್ತದೆಯೇ ಎಂಬುದನ್ನು ಕೇಳಿಯೇ ತಿಳಿಯಬೇಕು. ‘ತೋಳಿಗೆ ಒಂದು ಸೂಜಿ, ಮುಂದೆ ಕ್ಯಾನ್ಸರ್ ಬರದಂತೆ’ ಎಂದು ಅಂಗದ ಹೆಸರನ್ನು ಎರಡನೆಯ ಸಾಲಿಗೆ ಇಳಿಸಿದ ಒಂದು ಮಾದರಿಯನ್ನೂ ಪರೀಕ್ಷೆಗಿಡಿ. 2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೊಡುವ ಕ್ರಮವನ್ನೂ ಒಪ್ಪಿದೆ. ಎಚ್‌ಐವಿ ಇರುವವರಿಗೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕು. ನಿಮ್ಮ ಶಿಬಿರದಲ್ಲಿ ಎಷ್ಟು ಡೋಸ್ ಎಂಬುದನ್ನು ವೈದ್ಯಾಧಿಕಾರಿಯಿಂದ ಖಚಿತಪಡಿಸಿಕೊಂಡ ಮೇಲೆಯೇ ‘ಒಂದೇ’ ಎಂದು ಬರೆಯಿರಿ.

ತಾಂಡಾಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಲಬುರಗಿ ಜಿಲ್ಲೆಯಲ್ಲಿ ಬಿಳಿ ಮುಟ್ಟು, ಸೊಂಟನೋವು ಎಂದು ಹೋದ ಬಡ ಹೆಂಗಸರಿಗೆ, ಅದರಲ್ಲೂ ಲಂಬಾಣಿ ಮಹಿಳೆಯರಿಗೆ, ಕ್ಯಾನ್ಸರ್ ಭಯ ಹುಟ್ಟಿಸಿ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು ಬಂದು, 2015ರ ಹೊತ್ತಿಗೆ ತನಿಖೆಗಳು ನಡೆದವು, ಪ್ರತಿಭಟನೆಗಳೂ ಆದವು. ಇಂಥ ಕಡೆ ‘ಕ್ಯಾನ್ಸರ್ ಬರುತ್ತೆ, ಬೇಗ ಬನ್ನಿ’ ಎಂಬ ಭಯದ ಫಲಕ ಹಾಕಿದರೆ, ನೀವು ಯಾರ ಮಾತನ್ನು ಆಡುತ್ತಿದ್ದೀರಿ ಎಂದು ಅವರಿಗೆ ಅನಿಸಬಹುದು? ಬೇರೆ ಜಿಲ್ಲೆಯಲ್ಲಿ ಗೆದ್ದ ಫಲಕ ಇಲ್ಲಿ ಏಕೆ ಸೋಲಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ತಾಂಡಾದ ಚರ್ಚೆಯಲ್ಲಿ ‘ಗರ್ಭಚೀಲದ ಆಪರೇಷನ್ ಬಗ್ಗೆ ಇಲ್ಲಿ ಏನು ಮಾತಾಡ್ತಾರ?’ ಎಂಬ ಪ್ರಶ್ನೆ ಇರಲೇಬೇಕು. ಅವರ ಮಾತಿಗೆ ಸ್ವಂತ ಲಿಪಿ ಬಳಕೆಯಲ್ಲಿಲ್ಲ, ಹಾಗಾಗಿ ಅಲ್ಲಿ ಕರಪತ್ರಕ್ಕಿಂತ ತಾಂಡಾದ ಹೆಂಗಸಿನದೇ ಧ್ವನಿಯ ಒಂದು ನಿಮಿಷದ ಆಡಿಯೊ ಮೇಲು. ಉರ್ದು ಓಣಿಗೂ ಅಚ್ಚಿನ ಶುದ್ಧ ಉರ್ದುಗಿಂತ ಮನೆಯ ದಖ್ಖನಿ.

ಹುಡುಗಿಯರನ್ನು ಕೇಳಬೇಕೇ?

ಕೇಳಿ, ಆದರೆ ಲಸಿಕೆ, ಶಾಲೆ, ಭಯಗಳ ಬಗ್ಗೆ ಮಾತ್ರ. 18 ವರ್ಷದೊಳಗಿನವರ ಸ್ವಂತ ಲೈಂಗಿಕ ಅನುಭವದ ಬಗ್ಗೆ ಒಂದು ಪ್ರಶ್ನೆಯೂ ಬೇಡ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ವರದಿ ಮಾಡಲೇಬೇಕು. ‘ಗುಟ್ಟಾಗಿಡುತ್ತೇವೆ’ ಎಂದು ಮಾತು ಕೊಟ್ಟು ಆಮೇಲೆ ವರದಿ ಮಾಡುವ ಸ್ಥಿತಿಗೆ ನೀವೂ ಸಿಕ್ಕಬೇಡಿ, ಹುಡುಗಿಯನ್ನೂ ಸಿಕ್ಕಿಸಬೇಡಿ. ಹೇಳಿಕೊಂಡರೆ ಯಾರನ್ನು ಕರೆಯಬೇಕು ಎಂಬುದು ಹೊರಡುವ ಮೊದಲೇ ತೀರ್ಮಾನವಾಗಿರಲಿ. ಮಕ್ಕಳ ಸಹಾಯವಾಣಿ 1098 ಎಲ್ಲರ ಫೋನಿನಲ್ಲಿರಲಿ. ಪೋಷಕರ ಒಪ್ಪಿಗೆಯ ಜೊತೆ ಹುಡುಗಿಯ ಒಪ್ಪಿಗೆಯೂ ಬೇಕು, 12 ದಾಟಿದವರದ್ದು ಬರವಣಿಗೆಯಲ್ಲಿ. ಹೆಸರು ಬರೆದುಕೊಳ್ಳಬೇಡಿ.

ಎರಡನೆಯ ಅಭಿಯಾನ: ದವಾಖಾನೆಯ ಬಾಗಿಲಲ್ಲೇ ಉತ್ತರವಿರಬಹುದು

ಲೈಂಗಿಕ ಸೋಂಕಿನ ತಪಾಸಣೆಗೆ ಜನ ಬಾರದಿದ್ದಾಗ ತಿಳಿವಳಿಕೆ ಇಲ್ಲವೆಂದು ತಿಳಿಯುವುದು ವಾಡಿಕೆ. ಮೊದಲು ನೀವೇ ರೋಗಿಯಂತೆ ನಡೆದು ನೋಡಿ. ವೈದ್ಯಾಧಿಕಾರಿಗೆ ಹೇಳಿ, ಗೇಟಿನಿಂದ ಮಾತ್ರೆ ಕೈಗೆ ಬರುವವರೆಗೆ ಎಷ್ಟು ಕಡೆ ‘ಯಾಕ ಬಂದೀರಿ?’ ಎಂಬ ಪ್ರಶ್ನೆಗೆ ಉತ್ತರಿಸಬೇಕು, ಅದರಲ್ಲಿ ಎಷ್ಟು ಕಡೆ ಹಿಂದೆ ನಿಂತವರಿಗೆ ಕೇಳಿಸುತ್ತದೆ ಎಂದು ಎಣಿಸಿ. ಚೀಟಿ ಮಾಡುವ ಕಿಟಕಿ, ಕೋಣೆಯ ಬಾಗಿಲ ಪರದೆ, ಔಷಧಿ ಕಿಟಕಿ, ರಕ್ತ ತೆಗೆಯುವ ಕೋಣೆ. ಮೂರಕ್ಕಿಂತ ಹೆಚ್ಚಾದರೆ ಕರಪತ್ರದ ದುಡ್ಡನ್ನು ಒಂದು ಪರದೆಗೆ, ಚೀಟಿಯಲ್ಲಿ ಕಾಯಿಲೆಯ ಹೆಸರಿನ ಬದಲು ಬರೆಯುವ ಒಂದು ಅಂಕಿಗೆ ಖರ್ಚು ಮಾಡಿ. ಲೈಂಗಿಕ ಸೋಂಕಿನ ಚಿಕಿತ್ಸೆಯ ಕೋಣೆಗೆ ಹಾಕುವ ‘ಸುರಕ್ಷಾ ಕ್ಲಿನಿಕ್’ ಎಂಬ ಫಲಕದ ಅರ್ಥ ಊರಿಗೆಲ್ಲ ಗೊತ್ತಾದ ಮೇಲೆ ಅದರ ಕೆಳಗೆ ಕೂರುವುದು ಎಂಥ ಕಷ್ಟ ಎಂದು ಯೋಚಿಸಿ.

ಇಲ್ಲಿ ಗುಂಪು ಚರ್ಚೆ ಬೇಡವೇ ಬೇಡ. ತನ್ನ ಊರಿನವರ ಮುಂದೆ ಯಾರೂ ನಿಜ ಹೇಳುವುದಿಲ್ಲ. ವಯಸ್ಕರೊಂದಿಗೆ, ಒಬ್ಬೊಬ್ಬರಾಗಿ, ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಲಾರಿ ಚಾಲಕರು, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆ ಮತ್ತು ಶಹಾಬಾದ್ ಕಲ್ಲುಗಣಿಗಳ ಕೂಲಿಗಳು, ಗುಳೆಯಿಂದ ಮರಳಿದ ದಂಪತಿಗಳು, ಹೀಗೆ 12–15 ಜನ. ಜೊತೆಗೆ ಮೆಡಿಕಲ್ ಅಂಗಡಿಯವರು ನಾಲ್ವರು. ಗಂಡಸು ಮೊದಲು ಹೋಗುವುದು ಅಲ್ಲಿಗೆ. ಎರಡು ಮಾತ್ರೆ ನುಂಗಿ ಉರಿ ನಿಂತರೆ ಕಾಯಿಲೆ ಹೋಯಿತೆಂದುಕೊಳ್ಳುತ್ತಾನೆ, ಹೆಂಡತಿಗೆ ಚಿಕಿತ್ಸೆ ಆಗಿರುವುದಿಲ್ಲ, ಸೋಂಕು ತಿರುಗಿ ಬರುತ್ತದೆ. ಎಚ್‌ಐವಿ ಸ್ಥಿತಿಯನ್ನು ಕೇಳಬೇಡಿ. ಅವರಾಗಿ ಹೇಳಿದರೂ ಬರೆಯಬೇಡಿ. ಒಪ್ಪಿಗೆಯಿಲ್ಲದೆ ಅದು ಹೊರಬೀಳುವುದನ್ನು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ತಡೆಯುತ್ತದೆ.

ಅಚ್ಚಿಗೆ ಮೊದಲು ಪರೀಕ್ಷೆ

ನಾಲ್ಕನೆಯ ವಾರ ಗೋಡೆಗೆ ಡ್ರಾಯಿಂಗ್ ಶೀಟ್ ಅಂಟಿಸಿ. ಮೇಲೆ ಮೊದಲ ವಾರ ಬರೆದ ತೀರ್ಮಾನಗಳು, ಪಕ್ಕದಲ್ಲಿ ನಾಲ್ಕು ಗುಂಪುಗಳು, ನಡುವಿನ ಚೌಕಗಳಲ್ಲಿ ಜನ ಆಡಿದ ಮಾತುಗಳು. ಖಾಲಿ ಉಳಿದ ಚೌಕ ನೀವು ಕೇಳುವುದನ್ನು ಬಿಟ್ಟದ್ದು. ಇದರಿಂದ ಮೂರು ಮಾದರಿ ತಯಾರಿಸಿ, ಕಪ್ಪು-ಬಿಳುಪು ಜೆರಾಕ್ಸ್ ಸಾಕು.

ಪ್ರತಿ ಮಾದರಿಯನ್ನು 10–12 ಜನರಿಗೆ, ಒಬ್ಬೊಬ್ಬರಿಗೇ ತೋರಿಸಿ. ‘ಚಲೋ ಅದ ಏನು?’ ಎಂದು ಕೇಳಬೇಡಿ, ಚಲೋ ಅದ ಅಂತಲೇ ಅನ್ನುತ್ತಾರೆ. ‘ಇದರಾಗ ಏನು ಹೇಳ್ಯಾರ, ನಿಮ್ಮ ಮಾತಿನಾಗ ಹೇಳ್ರಿ. ಯಾರಿಗಿ ಹೇಳ್ಯಾರ? ಓದಿದ ಮ್ಯಾಗ ಏನು ಮಾಡಬೇಕು, ಎಲ್ಲಿಗಿ ಹೋಗಬೇಕು? ಯಾವ ಮಾತು ನಂಬಲಿಕ್ಕಿ ಆಗಲ್ಲ?’ ಹತ್ತರಲ್ಲಿ ಮೂವರು ಒಂದು ಸಾಲನ್ನು ತಪ್ಪು ತಿಳಿದರೆ ಆ ಸಾಲು ಬದಲಾಗಬೇಕು. ಅವರಿಗೆ ವಿವರಿಸುತ್ತಾ ಕೂರಬೇಡಿ, ಫಲಕದ ಜೊತೆ ನೀವು ಹೋಗುವುದಿಲ್ಲ. ಚಿತ್ರದ ವಿಷಯದಲ್ಲೂ ಹಾಗೆಯೇ. ದೊಡ್ಡ ಸಿರಿಂಜಿನ ಚಿತ್ರ ಮಕ್ಕಳನ್ನು ಹೆದರಿಸುತ್ತದೆ, ಪೇಟೆಯ ಹುಡುಗಿಯ ಚಿತ್ರ ‘ಇದು ನಮಗಲ್ಲ’ ಎನ್ನಿಸುತ್ತದೆ. ತಿದ್ದಿದ್ದನ್ನು ಹೊಸ ಹತ್ತು ಜನರಿಗೆ ಮತ್ತೆ ತೋರಿಸಿ.

ಸಾವಿರ ಮನೆಯ ಮಾತು ಎಲ್ಲಿಂದ ಬಂತೆಂದರೆ: ಹೌದು-ಇಲ್ಲ ಪ್ರಶ್ನೆಗೆ ಶೇ 5ರಷ್ಟು ಆಚೀಚೆ, ಶೇ 95ರ ಭರವಸೆಯಲ್ಲಿ ಉತ್ತರ ಬೇಕಾದರೆ 384 ಜನ ಬೇಕು. ಒಂದೇ ಊರಿನವರ ಉತ್ತರಗಳು ಒಂದನ್ನೊಂದು ಹೋಲುವುದರಿಂದ ಅದನ್ನು ಇಮ್ಮಡಿ ಮಾಡಿ 768 ಎನ್ನುತ್ತಾರೆ; ಸಾವಿರ ಅದರ ಸುತ್ತಮುತ್ತಲ ಅಂಕಿ. ಶೇ 10 ಆಚೀಚೆಯಾದರೂ ನಡೆಯುತ್ತದೆ ಎಂದರೆ 96, ಇಮ್ಮಡಿ 192, ಸುಮಾರು 200. ಅಂದರೆ 20 ಊರು, ಊರಿಗೆ 10 ತಾಯಂದಿರು. ಅಭಿಯಾನ ಮುಗಿದ ಮೇಲೆ ಏನು ಬದಲಾಯಿತು ಎಂದು ಅಳೆಯಲು ಇದನ್ನು ಉಳಿಸಿಕೊಳ್ಳಿ.

ಶಿಬಿರದ ದಿನ

ಅಭಿಯಾನಗಳು ಸಂದೇಶದಿಂದ ಸೋಲುವುದಕ್ಕಿಂತ ಒಂದು ಘಟನೆಯಿಂದ ಸೋಲುವುದು ಹೆಚ್ಚು. ಖಮ್ಮಂ ಮತ್ತು ವಡೋದರಾದ ಎಚ್‌ಪಿವಿ ಯೋಜನೆ 2010ರ ಏಪ್ರಿಲ್‌ನಲ್ಲಿ ನಿಂತಿತು. ಲಸಿಕೆ ಹಾಕಿಸಿಕೊಂಡವರಲ್ಲಿ ಏಳು ಹುಡುಗಿಯರು ತೀರಿಕೊಂಡಿದ್ದರು; ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಂಡುಬರಲಿಲ್ಲ, ಆದರೆ ಒಪ್ಪಿಗೆ ಪಡೆದ ರೀತಿಯ ಬಗ್ಗೆ ಎದ್ದ ಆಕ್ಷೇಪಗಳು ನಿಜವಾಗಿದ್ದವು. ಅದರ ಜೊತೆ ನಿಂತುಹೋದ ಇನ್ನೊಂದು ಅಧ್ಯಯನದಲ್ಲಿ ಸಾವಿರಾರು ಭಾರತೀಯ ಹುಡುಗಿಯರು ಒಂದೇ ಡೋಸ್‌ಗೆ ಉಳಿದರು. ವರ್ಷಗಟ್ಟಲೆ ಅವರನ್ನು ಗಮನಿಸಿದ್ದರಿಂದಲೇ ಒಂದು ಡೋಸ್ ಸಾಕೆಂಬುದಕ್ಕೆ ಮುಖ್ಯ ಪುರಾವೆಗಳಲ್ಲೊಂದು ಸಿಕ್ಕಿತು, ಅದೊಂದು ವಿಚಿತ್ರ. ಜಪಾನ್ 2013ರಲ್ಲಿ ಶಿಫಾರಸು ನಿಲ್ಲಿಸಿ, ಶೇ 70ರಷ್ಟಿದ್ದ ಲಸಿಕೆ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿದ ಮೇಲೆ, 2022ರಲ್ಲಿ ಮತ್ತೆ ಆರಂಭಿಸಿತು. ಡೆನ್ಮಾರ್ಕ್ ಕೂಡ ಕುಸಿತ ಕಂಡಿತು. ತೀರ್ಮಾನ ತಾಯಂದಿರದು ಎಂದು ಅಧ್ಯಯನದಿಂದ ತಿಳಿದು, 2017ರಿಂದ ಅವರು ಇರುವ ಫೇಸ್‌ಬುಕ್‌ನಲ್ಲೇ ಅವರ ಪ್ರಶ್ನೆಗಳಿಗೆ ಉತ್ತರಿಸುತ್ತ ಚೇತರಿಸಿಕೊಂಡಿತು.

ನಿಮ್ಮಲ್ಲಿ ಆಗಬಹುದಾದ ಘಟನೆ ಬಹುಶಃ ತಲೆಸುತ್ತು. ಹದಿಹರೆಯದವರು ಸೂಜಿಗೆ ಹೆದರಿ ಬೀಳುವುದು ಸಾಮಾನ್ಯ, ಒಬ್ಬಳು ಬಿದ್ದದ್ದನ್ನು ಕಂಡ ಸಾಲಿನವರೂ ಬೀಳುತ್ತಾರೆ, ಅರ್ಧ ಗಂಟೆಯಲ್ಲಿ ವಿಡಿಯೊ ಊರಿಗೆಲ್ಲ ಹೋಗಿರುತ್ತದೆ. ಉಪವಾಸ ಬಂದವರಿಗೆ ಮೊದಲು ತಿನ್ನಲು ಕೊಡಿ, ಕೂರಿಸಿ ಹಾಕಿಸಿ, ಸೂಜಿಯ ಜಾಗ ಸಾಲಿಗೆ ಕಾಣದಿರಲಿ, ಆಮೇಲೆ 30 ನಿಮಿಷ ಕೂರಿಸಿ, ಮಲಗಿಸಲು ಚಾಪೆ ಇರಲಿ. ‘ತಲೆ ತಿರುಗಬಹುದು, ತೋಳು ನೋಯಬಹುದು’ ಎಂದು ತಾಯಂದಿರಿಗೆ ಮೊದಲೇ ಹೇಳಿ. ಪ್ರತಿ ಆಶಾಗೆ ಒಂದು ನೋಟ್‌ಬುಕ್ ಕೊಟ್ಟು ಕೇಳಿಬಂದ ವದಂತಿಯನ್ನು ಕೇಳಿದ ಮಾತಿನಲ್ಲೇ, ಊರು-ತಾರೀಖಿನ ಸಮೇತ ಬರೆಯಿಸಿ. ಮರುದಿನದೊಳಗೆ ಆ ಊರಿಗೆ, ಅಲ್ಲಿನವರು ನಂಬುವ ವ್ಯಕ್ತಿಯ ಮೂಲಕ ಉತ್ತರ ಹೋಗಲಿ. ಒಂದು ಊರಿನ ವದಂತಿಯನ್ನು ತಾಲ್ಲೂಕಿಗೆಲ್ಲ ಮೈಕಿನಲ್ಲಿ ಅಲ್ಲಗಳೆದರೆ ಅದನ್ನು ಕೇಳಿರದವರಿಗೂ ನೀವೇ ಮುಟ್ಟಿಸಿದಂತೆ.

ಉಳಿದಿರುವ ಆ ಎರಡೂವರೆ ಸಾವಿರ ಕರಪತ್ರಗಳನ್ನು ಇನ್ನು ಹಂಚಬೇಡಿ. ಎರಡನೆಯ ವಾರ ಚರ್ಚೆಗಳಿಗೆ ಹೋಗುವಾಗ ಒಂದು ಕಟ್ಟು ಒಯ್ದು, ಚರ್ಚೆ ಮುಗಿದ ಮೇಲೆ ಓದಬಲ್ಲವರ ಕೈಗೆ ಕೆಂಪು ಪೆನ್ನಿನ ಜೊತೆ ಕೊಡಿ: ತಿಳಿಯದ ಮಾತಿಗೆ ಗೆರೆ ಎಳೆಯಲಿ, ಮಗಳ ಕೈಗೆ ಕೊಡಲು ಮುಜುಗರವಾಗುವ ಸಾಲಿಗೆ ಕಾಟು ಹಾಕಲಿ.